ಲಂಡನ್ನು ಪ್ಯಾರಿಸ್ಸುಗಳ ನಡುವೆ: ದೂರವೂ ಕಾಲವೂ

ವೈಶೇಷಿಕ ಶಾಸ್ತ್ರಕಾರರು ದ್ರವ್ಯಗಳು ಒಂಬತ್ತೆಂದು ಎಣಿಸುವಾಗ ಕಾಲವನ್ನೂ ದಿಕ್ಕನ್ನೂ ಬೇರೆಬೇರೆಯಾಗಿಯೇ ಹೇಳಿರುವರು. ಒಂದು ವಸ್ತು ದೂರದಲ್ಲಿದೆ, ಮತ್ತೊಂದು ಹತ್ತಿರದಲ್ಲಿದೆ ಎಂಬ ವ್ಯವಹಾರಕ್ಕೆ ಕಾರಣವಾದ ಪರತ್ವಾಪರತ್ವಗಳು ದಿಕ್ಕಿನಿಂದಲೂ ಉಂಟಾಗುವುವು, ಕಾಲದಿಂದಲೂ ಉಂಟಾಗುವುವು. ಆದರೆ ಇವೆರಡೂ ಒಂದೇ ಅಲ್ಲವೆಂಬುದು ಅವರ ಮತ. ಲೋಕವ್ಯವಹಾರದಲ್ಲಾದರೋ ಇವು ಸದಾ ಬೆರೆತುಹೋಗುತ್ತವೆ. ಮುಂದಿನ ಊರು ಎಷ್ಟು ದೂರವೆಂದು ದಾರಿಹೋಕನು ಕೇಳಿದರೆ, ಕೂಗಳತೆಯೆಂದೋ, ಎರಡು ಹರದಾರಿಯೆಂದೋ, ಒಂದು ಹಗಲಿನ ದಾರಿಯೆಂದೋ ಹಳ್ಳಿಯವರು ಉತ್ತರ ಹೇಳುತ್ತಿದ್ದರು. ಮೊದಲಿನ ಎರಡು ನೆಲದ ಅಳತೆ. ಕೊನೆಯದು ಕಾಲದ ಅಳತೆ. ಕೇಳಿದವನಿಗೆ ಹೆಚ್ಚು ಉಪಯೋಗವಾಗುತ್ತಿದ್ದದ್ದು ಕೊನೆಯದೇ.

ಯೂರೋಪಿನ ಎರಡು ಮಹಾನಗರಗಳಾದ ಲಂಡನ್ನು ಪ್ಯಾರಿಸ್ಸುಗಳ ವಿಷಯದಲ್ಲಿ ಈ ಎರಡು ಅಳತೆಗಳ ಚರಿತ್ರೆಯನ್ನು ಒಟ್ಟಿಗೆ ನೋಡುವುದು ಬೋಧಪ್ರದವಾಗಿದೆ. ಈ ನಗರಗಳ ನಡುವಣ ನೇರ ದೂರವು ಸುಮಾರು ೩೪೪ ಕಿಲೋಮೀಟರು, ಎಂದರೆ ೨೧೪ ಮೈಲಿ. ಹಕ್ಕಿ ಹಾರುವ ನೇರದಲ್ಲಿ ಬೆಂಗಳೂರಿನಿಂದ ಗದಗಕ್ಕೆ ಎಷ್ಟೋ ಹೆಚ್ಚು ಕಡಿಮೆ ಅಷ್ಟೇ. ನಗರಗಳು ಇದ್ದಲ್ಲಿಯೇ ಇವೆ. ನಡುವಣ ನೆಲವೂ ನೀರೂ ಇದ್ದಂತೆಯೇ ಇವೆ. ಆದರೂ ಒಂದರಿಂದ ಇನ್ನೊಂದನ್ನು ಮುಟ್ಟಲು ಒಂದು ಕಾಲದಲ್ಲಿ ಐದು ದಿನ, ಒಂದು ಕಾಲದಲ್ಲಿ ಹನ್ನೊಂದು ಗಂಟೆ, ಒಂದು ಕಾಲದಲ್ಲಿ ಐವತ್ತೇಳು ನಿಮಿಷ, ಕೆಲವರಿಗೆ ಮಾತ್ರ ಹನ್ನೊಂದು ವರ್ಷ ಹಿಡಿದದ್ದುಂಟು. ಈ ವ್ಯತ್ಯಾಸವೆಲ್ಲವೂ ಯಂತ್ರಗಳ ಮಹಿಮೆಯೆಂದು ತಿಳಿಯುವುದು ಸುಲಭ. ಚರಿತ್ರೆಯು ಹೇಳುವುದು ಅಷ್ಟನ್ನೇ ಅಲ್ಲ.

ಹದಿನೆಂಟನೆಯ ಶತಮಾನದಲ್ಲಿ ಲಂಡನ್ನನ್ನು ಬಿಟ್ಟವನು ಮೊದಲು ಕುದುರೆಸಾರೋಟಿನಲ್ಲಿ ಎಪ್ಪತ್ತು ಮೈಲಿಗಳನ್ನು ಕ್ರಮಿಸಿ ಸಮುದ್ರತೀರದ ಡೋವರಿಗೆ ಬರಬೇಕಾಗಿತ್ತು. ಅಲ್ಲಿ ಇಂಗ್ಲೆಂಡನ್ನೂ ಫ್ರಾನ್ಸನ್ನೂ ಬೇರ್ಪಡಿಸುವ ಜಲಸಂಧಿಯ ಅಗಲ ಬರಿಯ ೨೧ ಮೈಲಿ. ಆಕಾಶ ಶುಭ್ರವಾಗಿದ್ದರೆ ಆಚೆಯ ದಡದಲ್ಲಿ ಕ್ಯಾಲೆಯ ಬಳಿಯ ಬಿಳಿಯ ಬಂಡೆಗಳು ಬರಿಗಣ್ಣಿಗೇ ಕಾಣುವುವು. ಆದರೆ ಹಾಯಿಹಡಗು ಗಾಳಿಯ ಅಧೀನವಷ್ಟೆ. ಗಾಳಿ ಅನುಕೂಲವಾದರೆ ಮೂರು ನಾಲ್ಕು ಗಂಟೆಗಳಲ್ಲಿ ದಾಟಬಹುದು. ಪ್ರತಿಕೂಲವಾದರೆ ಡೋವರಿನ ಛತ್ರದಲ್ಲಿ ದಿನಗಟ್ಟಲೆ ಕಾಯಬೇಕು. ಆಮೇಲೆ ಕ್ಯಾಲೆಯಿಂದ ಪ್ಯಾರಿಸ್ಸಿಗೆ ಪುನಃ ಎರಡು ಮೂರು ದಿನಗಳ ಸಾರೋಟಿನ ಪ್ರಯಾಣ. ಎಲ್ಲವೂ ಸುಸೂತ್ರವಾಗಿ ನಡೆದರೆ ನಾಲ್ಕೈದು ದಿನಗಳು ಬೇಕಾಗುತ್ತಿದ್ದುವು. ಚಾರ್ಲ್ಸ್ ಡಿಕನ್ಸನು ಈ ಎರಡು ನಗರಗಳನ್ನೇ ಕುರಿತು ೧೮೫೯ರಲ್ಲಿ ಬರೆದ ಕಾದಂಬರಿಯ ಆದಿಯಲ್ಲಿ, ಡೋವರಿಗೆ ಹೋಗುವ ಟಪ್ಪಾಲು ಸಾರೋಟು ಕೆಸರಿನ ದಿಣ್ಣೆಯನ್ನು ಹತ್ತಲಾರದೆ, ಪ್ರಯಾಣಿಕರೇ ಇಳಿದು ಪಕ್ಕದಲ್ಲಿ ನಡೆಯುವ ಚಿತ್ರವಿದೆ.

ಆಶ್ಚರ್ಯದ ಸಂಗತಿಯೇನೆಂದರೆ, ಶತಮಾನಗಳಿಂದ ಜನರು ಹೀಗೆ ಹೋಗಿಬರುತ್ತಿದ್ದರೂ ಈ ನಗರಗಳ ನಡುವಣ ದೂರ ನಿಜವಾಗಿ ಎಷ್ಟೆಂಬುದು ಯಾರಿಗೂ ನಿಷ್ಕೃಷ್ಟವಾಗಿ ತಿಳಿದಿರಲಿಲ್ಲ. ನಡುವೆ ಸಮುದ್ರವಿರುವುದರಿಂದ ಅಲ್ಲಿ ಸರಪಣಿಯನ್ನು ಎಳೆಯುವ ಹಾಗಿರಲಿಲ್ಲ. ೧೭೮೩ರಲ್ಲಿ ಫ್ರಾನ್ಸಿನ ಖಗೋಳಜ್ಞನಾದ ಕಸೀನಿ ದ ತ್ಯೂರಿಯು ಇಂಗ್ಲೆಂಡಿನ ಸರ್ಕಾರಕ್ಕೆ ಒಂದು ನಿವೇದನಾಪತ್ರವನ್ನು ಕಳುಹಿಸಿ, ಗ್ರೀನಿಚ್ ಮತ್ತು ಪ್ಯಾರಿಸ್ಸುಗಳ ವೇಧಶಾಲೆಗಳ ಪರಸ್ಪರ ಸ್ಥಾನವು ಸರಿಯಾಗಿ ನಿರ್ಣಯವಾಗಿಲ್ಲವೆಂದೂ, ಎರಡು ರಾಷ್ಟ್ರಗಳೂ ಕೂಡಿ ತ್ರಿಕೋಣಮಾಪನ ಕ್ರಮದಿಂದ ಅದನ್ನು ಅಳೆಯುವುದು ಯುಕ್ತವೆಂದೂ ಸೂಚಿಸಿದನು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಈ ರಾಷ್ಟ್ರಗಳು ಶತ್ರುಗಳಾಗಿ ಹೋರಾಡಿ ಸಂಧಿ ಮಾಡಿಕೊಂಡದ್ದು ಅದೇ ವರ್ಷದಲ್ಲಿ. ಗ್ರೀನಿಚ್ ವೇಧಶಾಲೆಯ ಸ್ಥಾನವನ್ನೇ ಸಂಶಯಿಸಿದ ಮಾತು ಇಂಗ್ಲೆಂಡಿನ ವಿದ್ವಾಂಸರಿಗೆ ಸ್ವಲ್ಪ ಚುಚ್ಚಿತಾದರೂ, ರಾಯಲ್ ಸೊಸೈಟಿಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನು ಸಲಹೆಯನ್ನು ಆದರದಿಂದ ಸ್ವೀಕರಿಸಿ, ಕಾರ್ಯಭಾರವನ್ನು ವಿಲಿಯಂ ರಾಯ್ ಎಂಬ ಸೇನಾಧಿಕಾರಿಗೆ ಒಪ್ಪಿಸಿದನು.

ತ್ರಿಕೋಣಮಾಪನದಲ್ಲಿ ಮೊದಲು ಒಂದು ಭುಜವನ್ನು ನೆಲದ ಮೇಲೆಯೇ ಅತ್ಯಂತ ಎಚ್ಚರಿಕೆಯಿಂದ ಅಳೆಯಬೇಕು. ಇದಕ್ಕೆ ಆಧಾರರೇಖೆಯೆಂದು ಹೆಸರು. ಅಲ್ಲಿಂದ ಮುಂದೆ ಬೆಟ್ಟಗಳ ಮೇಲೂ ಗೋಪುರಗಳ ಮೇಲೂ ನಿಂತು ಕೋನಗಳನ್ನು ಮಾತ್ರ ಅಳೆಯುತ್ತ ಹೋದರೆ, ಉಳಿದ ಭುಜಗಳೆಲ್ಲ ಗಣಿತದಿಂದಲೇ ಸಿದ್ಧಿಸುವುವು. ರಾಯ್ ಈ ಆಧಾರರೇಖೆಗಾಗಿ ಲಂಡನ್ನಿನ ಪಶ್ಚಿಮಕ್ಕಿರುವ ಹೌನ್ಸ್ಲೋ ಎಂಬ ಸಮತಟ್ಟಾದ ಬಯಲನ್ನು ಆರಿಸಿಕೊಂಡನು. ೧೭೮೪ರ ಬೇಸಗೆಯಲ್ಲಿ ಮರದ ಅಳತೆಗೋಲುಗಳಿಂದ ಕೆಲಸ ಪ್ರಾರಂಭವಾಯಿತು. ಗಾಳಿಯ ತೇವಕ್ಕೆ ಮರವು ಹಿಗ್ಗಿ ಕುಗ್ಗುವುದನ್ನು ಕಂಡು, ಅವುಗಳನ್ನು ಬಿಟ್ಟು ಗಾಜಿನ ಕೊಳವೆಗಳಿಂದ ಮತ್ತೆ ಮೊದಲಿನಿಂದ ಅಳೆದರು. ಐದು ಮೈಲಿಗೆ ಮಿಕ್ಕಿದ ಆ ರೇಖೆಯ ಉದ್ದ ೨೭,೪೦೪ ಅಡಿಯೆಂದು ಗೊತ್ತಾಯಿತು.

ಮೂರು ವರ್ಷಗಳ ತರುವಾಯ, ೧೭೮೭ರ ಶರತ್ಕಾಲದಲ್ಲಿ, ಕೆಲಸ ಸಮುದ್ರತೀರವನ್ನು ಮುಟ್ಟಿತು. ಅಷ್ಟರಲ್ಲಿ ಹಿರಿಯ ಕಸೀನಿಯು ತೀರಿಹೋಗಿದ್ದನು. ಅವನ ಮಗನೂ, ಮೆಶೆನ್ ಮತ್ತು ಲೆಜಾಂಡ್ರ ಎಂಬ ವಿದ್ವಾಂಸರೂ ಡೋವರಿಗೆ ಬಂದು ರಾಯ್‌ನನ್ನು ಕಂಡು, ಕೆಲಸವನ್ನು ಹಂಚಿಕೊಂಡರು. ಇಂಗ್ಲಿಷರ ಕೈಯಲ್ಲಿ ರ‍್ಯಾಮ್ಸ್‌ಡನ್ ಎಂಬ ಯಂತ್ರಕಾರನು ನಿರ್ಮಿಸಿದ ಮೂರಡಿ ಅಗಲದ ಥಿಯೊಡಲೈಟಿತ್ತು. ಫ್ರೆಂಚರ ಕೈಯಲ್ಲಿ ಬೋರ್ಡಾ ಕಲ್ಪಿಸಿದ ಕೋನಮಾಪಕ ಚಕ್ರವಿತ್ತು. ರಾತ್ರಿಯ ಕತ್ತಲೆಯಲ್ಲಿ ಒಂದು ದಡದವರು ಬಿಳಿಯ ಬೆಳಕನ್ನು ಉರಿಸುವರು. ಇನ್ನೊಂದು ದಡದವರು ಅದನ್ನು ನೋಡಿ ಕೋನವನ್ನು ಬರೆದುಕೊಳ್ಳುವರು. ಹಿಂದೆ ಶತ್ರುನೌಕೆಗಳು ಬಂದುವೆಂದು ಎಚ್ಚರಿಸುವುದಕ್ಕೆ ಬೆಂಕಿ ಹೊತ್ತಿಸುತ್ತಿದ್ದ ದಡಗಳ ಮೇಲೆ ಆ ಋತುವಿನಲ್ಲಿ ದೂರವನ್ನು ಅರಿಯುವುದಕ್ಕಾಗಿ ಬೆಳಕು ಉರಿಯಿತು. ಹೀಗೆ ಲಂಡನ್ನು ಪ್ಯಾರಿಸ್ಸುಗಳ ಅಂತರವು ನಿಷ್ಕೃಷ್ಟ ಗಣಿತಕ್ಕೆ ಸಿಕ್ಕಿತು. ಒಬ್ಬರ ಬೆಳಕನ್ನು ಇನ್ನೊಬ್ಬರು ನಂಬದೆ ಈ ಲೆಕ್ಕ ಮುಗಿಯುವಂತಿರಲಿಲ್ಲ.

ಈ ಕಾರ್ಯದ ಫಲವು ಕನ್ನಡನಾಡಿಗೂ ಮುಟ್ಟಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮೇಲೆ, ಆ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ನನು ರಾಯ್‌ನ ವಿಧಾನವನ್ನೇ ಮಾದರಿಯಾಗಿಟ್ಟುಕೊಂಡು ದಕ್ಷಿಣ ಭಾರತವನ್ನು ಅಳೆಯಲು ತೊಡಗಿದನು. ೧೮೦೨ರಲ್ಲಿ ಮದರಾಸಿನಲ್ಲಿ ಒಂದು ಆಧಾರರೇಖೆಯನ್ನೂ, ಅದನ್ನು ತಾಳೆನೋಡಲು ೧೮೦೪ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನೂ ಅಳೆದರು. ಭಾರತದ ಮಹಾ ತ್ರಿಕೋಣಮಾಪನವು ಬೆಳೆದದ್ದು ಈ ಬೀಜದಿಂದಲೇ.

ರಾಯ್ ಹೌನ್ಸ್ಲೋ ಬಯಲನ್ನು ಅಳೆಯುತ್ತಿದ್ದ ದಿನಗಳಲ್ಲಿಯೇ ಕೆಲವರು ಈ ದೂರವನ್ನು ಆಕಾಶಮಾರ್ಗದಿಂದ ದಾಟುವ ಸಾಹಸದಲ್ಲಿದ್ದರು. ೧೭೮೫ನೆಯ ಜನವರಿ ೭ರಂದು ಬ್ಲಾನ್‌ಶಾರ್ ಎಂಬ ಫ್ರೆಂಚನೂ, ಜೆಫ್ರೀಸ್ ಎಂಬ ಅಮೆರಿಕದ ವೈದ್ಯನೂ ಜಲಜನಕ ತುಂಬಿದ ಬಲೂನಿನಲ್ಲಿ ಡೋವರಿನಿಂದ ಹೊರಟರು. ಸಮುದ್ರದ ನಡುವೆ ಬಲೂನು ಇಳಿಯತೊಡಗಿತು. ಭಾರವನ್ನು ಕಡಮೆಮಾಡಲು ಅವರು ಮೊದಲು ಮರಳಿನ ಚೀಲಗಳನ್ನೂ, ಆಮೇಲೆ ಸಾಮಾನುಗಳನ್ನೂ, ಕೊನೆಗೆ ಮೈಮೇಲಿನ ಉಡುಪುಗಳನ್ನೂ ಸಮುದ್ರಕ್ಕೆ ಎಸೆದು, ಸುಮಾರು ಎರಡೂವರೆ ಗಂಟೆಗಳ ಬಳಿಕ ಜನವರಿಯ ಚಳಿಯಲ್ಲಿ ನಡುಗುತ್ತ ಫ್ರಾನ್ಸಿನ ಒಂದು ಕಾಡಿನಲ್ಲಿ ಇಳಿದರು. ಅದೇ ವರ್ಷದ ಜೂನ್ ೧೫ರಂದು ಎದುರು ದಿಕ್ಕಿನಿಂದ ದಾಟಲು ಹೊರಟ ಪಿಲಾತ್ರ್ ದ ರೊಸಿಯೆಯ ಬಲೂನು ಫ್ರಾನ್ಸಿನ ತೀರದಲ್ಲಿಯೇ ಕೆಳಗೆ ಬಿದ್ದು, ಅವನೂ ಅವನ ಸಂಗಡಿಗನೂ ಮೃತರಾದರು. ಮನುಷ್ಯರಲ್ಲಿ ಮೊದಲು ಆಕಾಶಕ್ಕೆ ಸ್ವತಂತ್ರವಾಗಿ ಏರಿದ ಇಬ್ಬರಲ್ಲಿ ರೊಸಿಯೆಯು ಒಬ್ಬನು. ಈ ದಾರಿಗೆ ತೆತ್ತ ಬಲಿಗಳಲ್ಲಿ ಅದು ಮೊದಲನೆಯದು.

ಮುಂದೆ ಫ್ರಾನ್ಸಿನ ಕ್ರಾಂತಿಯೂ ಯುದ್ಧವೂ ಬಂದುವು. ೧೮೦೨ರಲ್ಲಿ ಅಮಿಯೆನ್ಸ್ ನಗರದಲ್ಲಿ ಸಂಧಿಯಾದೊಡನೆ, ಒಂಬತ್ತು ವರ್ಷಗಳಿಂದ ಪ್ಯಾರಿಸ್ಸನ್ನು ನೋಡದಿದ್ದ ಇಂಗ್ಲಿಷರು ತಂಡತಂಡವಾಗಿ ಅಲ್ಲಿಗೆ ಹೋದರು. ಆ ಉತ್ಸಾಹದಲ್ಲಿಯೇ ಮಾಥ್ಯೂ ಎಂಬ ಫ್ರೆಂಚ್ ಶಿಲ್ಪಿಯು ಸಮುದ್ರದ ಅಡಿಯಲ್ಲಿ ಸುರಂಗವನ್ನು ಕೊರೆದು, ಎಣ್ಣೆಯ ದೀಪಗಳ ಬೆಳಕಿನಲ್ಲಿ ಸಾರೋಟುಗಳನ್ನು ಓಡಿಸಬಹುದೆಂದು ಒಂದು ಯೋಜನೆಯನ್ನು ಮುಂದಿಟ್ಟನು. ಆದರೆ ಸಂಧಿ ಒಂದೇ ವರ್ಷಕ್ಕೆ ಮುರಿಯಿತು. ೧೮೦೩ನೆಯ ಮೇ ತಿಂಗಳಲ್ಲಿ ನೆಪೋಲಿಯನ್ನನು ಫ್ರಾನ್ಸಿನಲ್ಲಿದ್ದ ಇಂಗ್ಲಿಷ್ ಗಂಡಸರನ್ನೆಲ್ಲ ತಡೆದಿಡುವಂತೆ ಆಜ್ಞಾಪಿಸಿದನು. ನಗರವನ್ನು ನೋಡಲು ಬಂದ ಪ್ರವಾಸಿಗಳು ಸೆರೆಯಾಳುಗಳಾದರು. ಇವರಲ್ಲಿ ಅನೇಕರನ್ನು ವರ್ಡನ್ನಿನಲ್ಲಿ ಇರಿಸಲಾಯಿತು. ೧೮೧೪ರಲ್ಲಿ ನೆಪೋಲಿಯನ್ನನು ಪದಚ್ಯುತನಾಗುವವರೆಗೆ ಎಷ್ಟೋ ಮಂದಿಗೆ ಬಿಡುಗಡೆಯಾಗಲಿಲ್ಲ. ನಾಲ್ಕೈದು ದಿನಗಳ ದಾರಿಗೆ ಅವರಿಗೆ ಹನ್ನೊಂದು ವರ್ಷ ಹಿಡಿಯಿತು. ಗಾಳಿಯ ದೋಷವೂ ಅಲ್ಲ, ರಸ್ತೆಯ ದೋಷವೂ ಅಲ್ಲ.

ಶಾಂತಿಯ ಕಾಲದಲ್ಲಿ ಯಂತ್ರವು ತನ್ನ ಕೆಲಸವನ್ನು ಮಾಡಿತು. ೧೮೨೦ರ ಅನಂತರ ಜಲಸಂಧಿಯಲ್ಲಿ ಹೊಗೆಹಡಗುಗಳು ಓಡಾಡತೊಡಗಿ ಗಾಳಿಯ ಹಂಗು ತಪ್ಪಿತು. ೧೮೪೪ರಲ್ಲಿ ಲಂಡನ್ನಿನಿಂದ ಡೋವರಿಗೂ, ೧೮೪೮ರ ಹೊತ್ತಿಗೆ ಪ್ಯಾರಿಸ್ಸಿನಿಂದ ಜಲಸಂಧಿಯ ತೀರಕ್ಕೂ ರೈಲುದಾರಿಗಳಾದುವು. ೧೮೫೧ರಲ್ಲಿ ಡಿಕನ್ಸನು ಹನ್ನೊಂದು ಗಂಟೆಗಳಲ್ಲಿ ಪ್ಯಾರಿಸ್ಸನ್ನು ಮುಟ್ಟಿದ ತನ್ನ ರೈಲುಪ್ರಯಾಣವನ್ನು ವರ್ಣಿಸಿ, ಆ ಪ್ರಬಂಧಕ್ಕೆ ‘ಹಾರಾಟ’ ಎಂಬ ಅರ್ಥದ ಹೆಸರನ್ನಿಟ್ಟನು. ವಿಮಾನವೆಂಬುದು ಯಾರ ಕಣ್ಣಿಗೂ ಬೀಳದಿದ್ದ ಕಾಲವದು. ಅದೇ ವರ್ಷದ ನವೆಂಬರಿನಲ್ಲಿ ಜಲಸಂಧಿಯ ತಳದಲ್ಲಿ ಹಾಸಿದ ತಂತಿಯ ಮೂಲಕ ವರ್ತಮಾನಗಳು ಹೋಗಿಬರಲು ಮೊದಲಾಗಿ, ಮಾತಿನ ಮಟ್ಟಿಗೆ ಈ ಎರಡು ನಗರಗಳ ದೂರವು ಇಲ್ಲವೇ ಆಯಿತು. ಶತಮಾನದ ಕೊನೆಗೆ ರೈಲು ಹಡಗುಗಳ ಪ್ರಯಾಣವು ಸುಮಾರು ಎಂಟು ಗಂಟೆಗಳಿಗೆ ಇಳಿದಿತ್ತು.

ಇನ್ನೂ ಇಳಿಯಬಹುದಾಗಿತ್ತು. ೧೮೮೧–೮೨ರಲ್ಲಿ ಎರಡು ದಡಗಳಿಂದಲೂ ಸುರಂಗವನ್ನು ಕೊರೆಯತೊಡಗಿ, ಒಂದೊಂದು ಕಡೆಯೂ ಮೈಲಿಯಷ್ಟು ದೂರ ಹೋಗಿದ್ದರು. ಯಂತ್ರ ಚೆನ್ನಾಗಿ ನಡೆಯುತ್ತಿತ್ತು. ಕೆಳಗಣ ಸುಣ್ಣದ ಮಣ್ಣು ಕೊರೆಯುವುದಕ್ಕೆ ಹದವಾಗಿತ್ತು. ಆದರೆ ಸುರಂಗವಾದರೆ ಶತ್ರುಸೈನ್ಯವು ಅದರೊಳಗಿಂದ ನುಗ್ಗಿಬಂದೀತೆಂದು ವೂಲ್ಸ್ಲೀ ಮೊದಲಾದ ಇಂಗ್ಲಿಷ್ ಸೇನಾನಿಗಳು ಕೂಗೆಬ್ಬಿಸಿದರು. ಸರ್ಕಾರವು ಕೆಲಸವನ್ನು ನಿಲ್ಲಿಸಿತು. ನೆರೆಯವನ ಭಯದಿಂದ ನಿಂತ ಆ ಕೆಲಸವು ಮುಗಿಯಲು ಮತ್ತೊಂದು ಶತಮಾನವೇ ಬೇಕಾಯಿತು.

ಗಡಿಯಾರದಲ್ಲಿಯೂ ಇದೇ ಹಟವನ್ನು ಕಾಣಬಹುದು. ಪ್ಯಾರಿಸ್ಸು ಗ್ರೀನಿಚ್ಚಿಗೆ ಪೂರ್ವದಲ್ಲಿರುವುದರಿಂದ ಅಲ್ಲಿ ಮಧ್ಯಾಹ್ನವು ೯ ನಿಮಿಷ ೨೧ ಸೆಕೆಂಡು ಮೊದಲೇ ಆಗುತ್ತದೆ. ೧೮೮೪ರಲ್ಲಿ ವಾಷಿಂಗ್ಟನ್ನಿನ ಸಮ್ಮೇಳನವು ಗ್ರೀನಿಚ್ಚಿನ ರೇಖೆಯನ್ನು ಲೋಕಕ್ಕೆಲ್ಲ ಮೂಲರೇಖೆಯೆಂದು ನಿರ್ಣಯಿಸಿದಾಗ ಫ್ರಾನ್ಸು ಮತ ಹಾಕದೆ ಸುಮ್ಮನಿದ್ದಿತು. ೧೯೧೧ನೆಯ ಮಾರ್ಚಿಯಲ್ಲಿ ಕೊನೆಗೂ ಶಾಸನವನ್ನು ಮಾಡಿದರು. ಅದರಲ್ಲಿಯೂ ಗ್ರೀನಿಚ್ಚಿನ ಹೆಸರನ್ನೆತ್ತದೆ, ‘೯ ನಿಮಿಷ ೨೧ ಸೆಕೆಂಡು ಹಿಂದೆ ಸರಿಸಿದ ಪ್ಯಾರಿಸ್ಸಿನ ಕಾಲ’ ಎಂದು ಸುತ್ತಿಬಳಸಿ ಬರೆದರು. ವಸ್ತುವು ಒಂದೇ, ನಾಮವು ಬೇರೆ.

ಅಷ್ಟರಲ್ಲಿ ಯಂತ್ರಕ್ಕೆ ರೆಕ್ಕೆ ಮೂಡಿತ್ತು. ೧೯೦೯ನೆಯ ಜುಲೈ ೨೫ರ ಮುಂಜಾನೆ ಲೂಯಿ ಬ್ಲೇರಿಯೋ ಎಂಬ ಫ್ರೆಂಚನು ತಾನೇ ರಚಿಸಿದ ಪುಟ್ಟ ವಿಮಾನದಲ್ಲಿ, ದಿಕ್ಸೂಚಿಯೂ ಇಲ್ಲದೆ, ಕ್ಯಾಲೆಯ ಬಳಿಯಿಂದ ಹಾರಿ ಸುಮಾರು ೩೭ ನಿಮಿಷಗಳಲ್ಲಿ ಡೋವರಿನ ಕೋಟೆಯ ಪಕ್ಕದ ಹುಲ್ಲುಗಾವಲಿನಲ್ಲಿ ಇಳಿದನು. ಇಳಿಯುವ ಸ್ಥಳವನ್ನು ತೋರಿಸಲು ಅವನ ದೇಶದವನೊಬ್ಬನು ಅಲ್ಲಿ ತ್ರಿವರ್ಣ ಧ್ವಜವನ್ನು ಬೀಸುತ್ತಿದ್ದನು. ಡೇಲಿ ಮೇಲ್ ಪತ್ರಿಕೆಯ ಸಾವಿರ ಪೌಂಡುಗಳ ಬಹುಮಾನವು ಬ್ಲೇರಿಯೋವಿಗೆ ಸಂದಿತು.

ಆದರೆ ಜಲಸಂಧಿಯನ್ನು ದಾಟುವುದು ಬೇರೆ, ನಗರದಿಂದ ನಗರಕ್ಕೆ ಹೋಗುವುದು ಬೇರೆ. ಇದನ್ನು ಲೋಕಕ್ಕೆ ತಿಳಿಯಪಡಿಸಿದವನು ಅಮೆರಿಕದ ಜಾನ್ ಮಾಯ್ಸಂಟ್. ಅವನು ೧೯೧೦ನೆಯ ಆಗಸ್ಟ್ ೧೬ರಂದು ತನ್ನ ಯಂತ್ರಕಾರನನ್ನೂ ಒಂದು ಬೆಕ್ಕಿನ ಮರಿಯನ್ನೂ ಕೂರಿಸಿಕೊಂಡು ಪ್ಯಾರಿಸ್ಸಿನಿಂದ ಹೊರಟನು. ಮರುದಿನವೇ ಜಲಸಂಧಿಯನ್ನು ದಾಟಿದನು. ಆಮೇಲೆ ಕೆಂಟ್ ಸೀಮೆಯಲ್ಲಿ ಬಿರುಗಾಳಿಗೂ ಯಂತ್ರದ ಕೇಡಿಗೂ ಸಿಕ್ಕಿ, ಬಿದ್ದು, ಎದ್ದು, ರಿಪೇರಿ ಮಾಡಿಸಿ, ಮತ್ತೆ ಬಿದ್ದು, ಸೆಪ್ಟೆಂಬರ್ ೬ರಂದು ಲಂಡನ್ನನ್ನು ಸೇರಿದನು. ಮೂರು ವಾರಗಳ ಪ್ರಯಾಣ! ಅಜ್ಜಂದಿರ ಸಾರೋಟೇ ಇದಕ್ಕಿಂತ ವೇಗವಾಗಿತ್ತು. ಎಂಟೇ ತಿಂಗಳಲ್ಲಿ, ೧೯೧೧ನೆಯ ಏಪ್ರಿಲ್ ೧೨ರಂದು, ಪಿಯರ್ ಪ್ರಿಯೆ ಎಂಬುವನು ಲಂಡನ್ನಿನ ಹೆಂಡನ್ನಿನಿಂದ ಹೊರಟು ಎಲ್ಲಿಯೂ ಇಳಿಯದೆ ೩ ಗಂಟೆ ೫೬ ನಿಮಿಷಗಳಲ್ಲಿ ಪ್ಯಾರಿಸ್ಸಿನ ಅಂಚಿನ ಇಸ್ಸಿಯನ್ನು ಮುಟ್ಟಿದನು. ಗಡಿಯಾರಗಳು ಒಂದಾದ ಮರುತಿಂಗಳಲ್ಲಿಯೇ ನಗರಗಳ ನಡುವೆ ನಿಲ್ಲದೆ ಹಾರಿದ ಮೊದಲ ಪ್ರಯಾಣವಿದು.

ಒಂದನೆಯ ಮಹಾಯುದ್ಧವು ವಿಮಾನವನ್ನು ಬಲಪಡಿಸಿತು. ೧೯೧೯ರಲ್ಲಿ ಪ್ಯಾರಿಸ್ಸಿನ ಶಾಂತಿಸಮ್ಮೇಳನಕ್ಕೆ ಹೋಗಿಬರುವ ಅಧಿಕಾರಿಗಳನ್ನು ಇಂಗ್ಲೆಂಡಿನ ವಾಯುಸೈನ್ಯದ ವಿಮಾನಗಳು ಸಾಗಿಸಿದುವು. ಅದೇ ವರ್ಷದ ಆಗಸ್ಟ್ ೨೫ರಂದು ಸಾರ್ವಜನಿಕರಿಗಾಗಿ ದಿನಂಪ್ರತಿಯ ವಿಮಾನಸಂಚಾರವು ಈ ನಗರಗಳ ನಡುವೆ ಮೊದಲಾಯಿತು. ಅಂದಿನ ವಿಮಾನವು ಒಬ್ಬನೇ ಒಬ್ಬ ಪ್ರಯಾಣಿಕನನ್ನೂ, ವರ್ತಮಾನಪತ್ರಿಕೆಗಳ ಕಟ್ಟನ್ನೂ, ಸ್ವಲ್ಪ ತೊಗಲನ್ನೂ, ಡೆವನ್‌ಷೈರಿನ ಹಾಲಿನ ಕೆನೆಯನ್ನೂ, ಬೇಟೆಯ ಹಕ್ಕಿಗಳನ್ನೂ ಹೊತ್ತು ಸುಮಾರು ಎರಡೂವರೆ ಗಂಟೆಗಳಲ್ಲಿ ಪ್ಯಾರಿಸ್ಸಿನ ಲ ಬೂರ್ಜೆ ನಿಲ್ದಾಣದಲ್ಲಿ ಇಳಿಯಿತು. ಅದು ಹೊರಟದ್ದು ಹೌನ್ಸ್ಲೋ ಬಯಲಿನಿಂದ. ನೂರಮೂವತ್ತೈದು ವರ್ಷಗಳ ಹಿಂದೆ ಗಾಜಿನ ಕೊಳವೆಗಳನ್ನು ಸಾಲಾಗಿ ಇಟ್ಟು ಪ್ಯಾರಿಸ್ಸಿನ ದೂರವನ್ನು ಅಳೆಯತೊಡಗಿದ್ದೂ ಆ ಬಯಲಿನಲ್ಲಿಯೇ.

ಮರುವರ್ಷ ಲಂಡನ್ನಿನ ವಿಮಾನನಿಲ್ದಾಣವು ಕ್ರಾಯ್ಡನ್ನಿಗೆ ಬದಲಾಯಿತು. ಅಂದಿನ ಚಾಲಕರಿಗೆ ಆಕಾಶದಲ್ಲಿ ದಾರಿಯೆಂಬುದು ಇರಲಿಲ್ಲ. ಕೆಳಗಿನ ರೈಲುಕಂಬಿಗಳನ್ನೂ ಹೆದ್ದಾರಿಗಳನ್ನೂ ನೋಡಿಕೊಂಡು ಹಾರುತ್ತಿದ್ದರು. ಅವರ ಅನುಕೂಲಕ್ಕಾಗಿ ಕೆಲವು ರೈಲುನಿಲ್ದಾಣಗಳ ಮಾಡಿನ ಮೇಲೆ ಊರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ೧೯೨೨ನೆಯ ಏಪ್ರಿಲ್ ೭ರಂದು ಕ್ರಾಯ್ಡನ್ನಿನಿಂದ ಟಪ್ಪಾಲನ್ನು ತರುತ್ತಿದ್ದ ಇಂಗ್ಲಿಷ್ ವಿಮಾನವೂ, ಲ ಬೂರ್ಜೆಯಿಂದ ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಟ ಫ್ರೆಂಚ್ ವಿಮಾನವೂ ಪಿಕಾರ್ಡಿಯ ಮಂಜಿನಲ್ಲಿ ಒಂದೇ ಹೆದ್ದಾರಿಯನ್ನು ಅನುಸರಿಸಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆದುವು. ಏಳು ಮಂದಿ ಸತ್ತರು. ಅವರಲ್ಲಿ ವಿಮಾನದಲ್ಲಿ ಊಳಿಗಕ್ಕಿದ್ದ ಒಬ್ಬ ಹುಡುಗನೂ ಇದ್ದನು. ಪ್ರಯಾಣಿಕ ವಿಮಾನಗಳು ಆಕಾಶದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದದ್ದು ಲೋಕದಲ್ಲಿ ಅದೇ ಮೊದಲು. ಬಳಿಕ ಸಂಬಂಧಪಟ್ಟವರೆಲ್ಲರೂ ಕ್ರಾಯ್ಡನ್ನಿನಲ್ಲಿ ಸಭೆ ಸೇರಿ, ವಿಮಾನಗಳು ಬಲಗಡೆಯಿಂದ ಹೋಗಬೇಕೆಂದೂ, ಆಕಾಶದಲ್ಲಿ ದಾರಿಗಳನ್ನು ಗೊತ್ತುಮಾಡಬೇಕೆಂದೂ ನಿಯಮಗಳನ್ನು ಕಲ್ಪಿಸಿದರು.

ಈ ದಾರಿಯು ಲೋಕಕ್ಕೆ ಒಂದು ಶಬ್ದವನ್ನೂ ಕೊಟ್ಟಿದೆ. ಅಪಾಯಕ್ಕೆ ಸಿಕ್ಕಿದ ವಿಮಾನ ಅಥವಾ ಹಡಗಿನವರು ನಿಸ್ತಂತುವಿನಲ್ಲಿ ‘ಮೇಡೇ’ ಎಂದು ಮೂರು ಸಲ ಕೂಗುವುದು ಈಗ ಎಲ್ಲ ದೇಶಗಳಲ್ಲಿಯೂ ರೂಢಿ. ೧೯೨೦ರ ದಶಕದ ಆದಿಯಲ್ಲಿ ಕ್ರಾಯ್ಡನ್ನಿನ ನಿಸ್ತಂತು ಅಧಿಕಾರಿಯಾಗಿದ್ದ ಮಾಕ್‌ಫರ್ಡ್ ಎಂಬುವನಿಗೆ, ಇಂಗ್ಲಿಷರಿಗೂ ಫ್ರೆಂಚರಿಗೂ ಕಿವಿಗೆ ಬಿದ್ದೊಡನೆ ಅರ್ಥವಾಗುವ ಒಂದು ಮಾತನ್ನು ಹುಡುಕಬೇಕಾಯಿತು; ಏಕೆಂದರೆ ಅಲ್ಲಿಯ ವಿಮಾನಗಳಲ್ಲಿ ಹೆಚ್ಚಿನವು ಲ ಬೂರ್ಜೆಗೆ ಹೋಗಿಬರುವಂಥವು. ‘ನನಗೆ ಸಹಾಯಮಾಡಿ’ ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರಣೆಯನ್ನೇ ಇಂಗ್ಲಿಷ್ ಶಬ್ದದಂತೆ ಮಾಡಿ ಅವನು ಇದನ್ನು ಸೂಚಿಸಿದನು. ೧೯೨೭ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ಇದನ್ನು ಅಂಗೀಕರಿಸಿತು. ವಿನಾಕಾರಣವಾಗಿ ವೈರ ಬೆಳೆಸಿದ ಎರಡು ಭಾಷೆಯವರಿಗೆ ಆಪತ್ತಿನಲ್ಲಿ ಒಂದೇ ಶಬ್ದ ಸಾಕಾಯಿತು.

ಆ ವರ್ಷಗಳಲ್ಲಿ ವೇಗಕ್ಕಿಂತ ಸೌಖ್ಯಕ್ಕೆ ಹೆಚ್ಚು ಗಮನವಿತ್ತು. ೧೯೨೭ರಿಂದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯವರು ಪ್ಯಾರಿಸ್ಸಿನ ವಿಮಾನದಲ್ಲಿ ಮಧ್ಯಾಹ್ನದ ಊಟವನ್ನು ಬಡಿಸತೊಡಗಿದರು. ೧೯೩೧ರಲ್ಲಿ ಬಂದ ನಾಲ್ಕು ಯಂತ್ರಗಳ ದೊಡ್ಡ ವಿಮಾನವು ೩೮ ಪ್ರಯಾಣಿಕರನ್ನು ಹೊತ್ತು ಗಂಟೆಗೆ ನೂರು ಮೈಲಿಯ ನಿಧಾನಗತಿಯಲ್ಲಿ ಹೋಗುತ್ತಿತ್ತು. ಈ ಹಾರಾಟವು ಭಾರತದ ಟಪ್ಪಾಲಿಗೂ ಮೊದಲ ಮಜಲಾಗಿದ್ದಿತು. ಇಟಲಿಯೊಡನೆ ಸರಿಯಾದ ಒಪ್ಪಿಗೆ ಕುದುರದೆ, ಪ್ಯಾರಿಸ್ಸಿನವರೆಗೆ ವಿಮಾನದಲ್ಲಿ ಬಂದವರು ಅಲ್ಲಿಂದ ಬ್ರಿಂಡಿಸಿಗೆ ರೈಲಿನಲ್ಲಿ ಹೋಗಿ, ಮತ್ತೆ ವಿಮಾನವನ್ನು ಹಿಡಿಯಬೇಕಾಗಿತ್ತು. ಕರಾಚಿಯಲ್ಲಿ ಇಳಿದ ಟಪ್ಪಾಲನ್ನು ೧೯೩೨ನೆಯ ಅಕ್ಟೋಬರಿನಿಂದ ತಾತಾ ಅವರ ಪುಟ್ಟ ವಿಮಾನಗಳು ಮುಂಬಯಿ, ಬಳ್ಳಾರಿಗಳ ಮಾರ್ಗವಾಗಿ ಮದರಾಸಿಗೆ ತಂದುವು. ಹೀಗೆ ಕ್ರಾಯ್ಡನ್ನಿನಲ್ಲಿ ಏರಿದ ಕಾಗದವು ಬಳ್ಳಾರಿಯ ಬಯಲಿನಲ್ಲಿ ಇಳಿಯುವುದು ಸಾಧ್ಯವಾಯಿತು.

ಎರಡು ಗಂಟೆಗಳ ಈ ದಾರಿಯು ೧೯೪೦ನೆಯ ಜೂನಿನಲ್ಲಿ ಮುಚ್ಚಿಹೋಯಿತು. ಆ ತಿಂಗಳ ೧೪ರಂದು ಜರ್ಮನ್ ಸೈನ್ಯವು ಪ್ಯಾರಿಸ್ಸನ್ನು ಪ್ರವೇಶಿಸಿ, ಅಲ್ಲಿಯ ಗಡಿಯಾರಗಳನ್ನು ಬರ್ಲಿನ್ನಿನ ಕಾಲಕ್ಕೆ ತಿರುಗಿಸಿತು. ಮುಂದಿನ ನಾಲ್ಕು ವರ್ಷ ಲಂಡನ್ನಿನಲ್ಲಿ ಆಶ್ರಯ ಪಡೆದ ಫ್ರೆಂಚರಿಗೆ ತಮ್ಮ ರಾಜಧಾನಿಯು ೨೧೪ ಮೈಲಿಗಳಾಚೆ ಇದ್ದರೂ ಲೋಕದಲ್ಲಿಯೇ ಎಲ್ಲಕ್ಕಿಂತ ದೂರದ ಊರಾಗಿತ್ತು. ವಿಮಾನಗಳು ಹಿಂದಿಗಿಂತ ವೇಗವಾಗಿದ್ದುವು. ಹೋಗುವುದು ಮಾತ್ರ ಆಗದು. ಪ್ಯಾರಿಸ್ಸು ಬಿಡುಗಡೆಯಾದದ್ದು ೧೯೪೪ನೆಯ ಆಗಸ್ಟ್ ೨೫ರಂದು. ದಿನಂಪ್ರತಿಯ ವಿಮಾನಸಂಚಾರವು ಮೊದಲಾಗಿ ಅಂದಿಗೆ ಸರಿಯಾಗಿ ಇಪ್ಪತ್ತೈದು ವರ್ಷ ತುಂಬಿತ್ತು.

ಯುದ್ಧಾನಂತರ ವೇಗವು ಪರಾಕಾಷ್ಠೆಗೆ ಬಂದಿತು. ೧೯೫೦ನೆಯ ಜುಲೈ ೨೯ರಂದು ಟರ್ಬೈನ್ ಯಂತ್ರದ ‘ವೈಕೌಂಟ್’ ವಿಮಾನವು ಪ್ರಯಾಣಿಕರನ್ನು ಕೂರಿಸಿಕೊಂಡು ಲಂಡನ್ನಿನ ನಾರ್ಥೋಲ್ಟಿನಿಂದ ಲ ಬೂರ್ಜೆಗೆ ೫೭ ನಿಮಿಷಗಳಲ್ಲಿ ಹೋಯಿತು. ಅಂಥ ಯಂತ್ರದ ವಿಮಾನವು ವೇಳಾಪಟ್ಟಿಯಂತೆ ಪ್ರಯಾಣಿಕರನ್ನು ಸಾಗಿಸಿದ್ದು ಲೋಕದಲ್ಲಿ ಅದೇ ಪ್ರಥಮ. ಬ್ಲೇರಿಯೋವಿನ ಹಾರಾಟಕ್ಕೆ ಐವತ್ತು ವರ್ಷವಾದ ೧೯೫೯ರಲ್ಲಿ ಡೇಲಿ ಮೇಲ್ ಪತ್ರಿಕೆಯು ಮತ್ತೊಂದು ಪಂದ್ಯವನ್ನು ಏರ್ಪಡಿಸಿತು. ಅದರ ನಿಬಂಧನೆಯಲ್ಲಿ ಒಂದು ಸ್ವಾರಸ್ಯವಿತ್ತು. ನಿಲ್ದಾಣದಿಂದ ನಿಲ್ದಾಣಕ್ಕಲ್ಲ, ಲಂಡನ್ನಿನ ನಡುವಿನಲ್ಲಿರುವ ಅಮೃತಶಿಲೆಯ ಕಮಾನಿಗೂ ಪ್ಯಾರಿಸ್ಸಿನ ವಿಜಯದ ಕಮಾನಿಗೂ ನಡುವಣ ಕಾಲವನ್ನು ಲೆಕ್ಕ ಹಿಡಿಯಬೇಕು. ಗೆದ್ದವನು ಮೋಟಾರ್‌ಸೈಕಲ್ಲು, ಹೆಲಿಕಾಪ್ಟರು, ಜೆಟ್ ಯುದ್ಧವಿಮಾನಗಳನ್ನು ಒಂದಾದಮೇಲೊಂದು ಏರಿ ೪೦ ನಿಮಿಷ ೪೪ ಸೆಕೆಂಡುಗಳಲ್ಲಿ ಮುಟ್ಟಿದ ಇಂಗ್ಲಿಷ್ ವಾಯುಸೈನ್ಯದ ಅಧಿಕಾರಿ ಮಾನ್. ಪಂದ್ಯದಲ್ಲಿ ನಿಜವಾಗಿ ಗೆಲ್ಲಬೇಕಾಗಿದ್ದದ್ದು ಆಕಾಶವನ್ನಲ್ಲ, ಎರಡು ತುದಿಗಳ ಬೀದಿಗಳನ್ನು.

ಇದು ಇಂದಿಗೂ ನಿಜ. ಲಂಡನ್ನಿನ ಹೀತ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ನಿಲ್ದಾಣಕ್ಕೆ ಸುಮಾರು ೩೪೮ ಕಿಲೋಮೀಟರು. ಗಂಟೆಗೆ ಎಂಟುನೂರು ಕಿಲೋಮೀಟರು ಓಡಬಲ್ಲ ಜೆಟ್ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿಯೂ ಅಲ್ಲ. ಆದರೆ ವಿಮಾನವು ಮೇಲೇರಿ ಪೂರ್ಣವೇಗವನ್ನು ಪಡೆಯುವಷ್ಟರಲ್ಲಿ ಇಳಿಯಲು ಮೊದಲುಮಾಡಬೇಕು. ಏರುವ ಮುನ್ನ ಸಾಲಿನಲ್ಲಿ ಕಾಯಬೇಕು. ಇಳಿದಮೇಲೆ ನೆಲದ ಮೇಲೆ ಉರುಳಿಕೊಂಡು ನಿಲ್ದಾಣವನ್ನು ಸೇರಬೇಕು. ಆದುದರಿಂದ ವೇಳಾಪಟ್ಟಿಯಲ್ಲಿ ಒಂದೂಕಾಲು ಗಂಟೆ ಅಥವಾ ತುಸು ಹೆಚ್ಚು ಕಾಲವನ್ನು ತೋರಿಸುತ್ತಾರೆ. ಪ್ಯಾರಿಸ್ಸಿನ ಗಡಿಯಾರವು ಈಗ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದಿರುವುದರಿಂದ, ಪ್ಯಾರಿಸ್ಸಿನಲ್ಲಿ ಹತ್ತು ಗಂಟೆಗೆ ಹೊರಟವನು ಲಂಡನ್ನಿನಲ್ಲಿ ಹತ್ತೂಕಾಲಿಗೆ ಇಳಿಯುವ ವಿನೋದವೂ ಉಂಟು. ಇದಕ್ಕೆ ನಗರದಿಂದ ನಿಲ್ದಾಣಕ್ಕೆ ಹೋಗುವ ಹೊತ್ತು, ತನಿಖೆಯ ಹೊತ್ತುಗಳನ್ನು ಕೂಡಿಸಿದರೆ ಮೂರು ನಾಲ್ಕು ಗಂಟೆಗಳಾಗುತ್ತವೆ. ಆಕಾಶದಲ್ಲಿ ಉಳಿಸಬಹುದಾದ ಕಾಲವನ್ನು ೧೯೫೦ರಲ್ಲಿಯೇ ಉಳಿಸಿ ಮುಗಿದಿತ್ತು.

ಮುಂದಿನ ಉಳಿತಾಯವು ನೆಲದ ಕೆಳಗೆ ಆಯಿತು. ೧೯೭೫ರಲ್ಲಿ ಮತ್ತೊಮ್ಮೆ ನಿಂತುಹೋದ ಸುರಂಗದ ಕೆಲಸವನ್ನು, ೧೯೮೬ರಲ್ಲಿ ಕ್ಯಾಂಟರ್ಬರಿಯ ಒಪ್ಪಂದವಾದ ಮೇಲೆ ಎರಡು ರಾಷ್ಟ್ರಗಳೂ ಕೈಗೂಡಿಸಿ ನಡೆಸಿದುವು. ೧೯೯೦ನೆಯ ಡಿಸೆಂಬರ್ ೧ರಂದು ಎರಡು ಕಡೆಯ ಕೆಲಸಗಾರರು ಸಮುದ್ರದ ಅಡಿಯಲ್ಲಿ ತೂತಿನ ಮೂಲಕ ಒಬ್ಬರಿಗೊಬ್ಬರು ಕೈಕುಲುಕಿದರು. ಐವತ್ತು ಕಿಲೋಮೀಟರು ಉದ್ದದ ಈ ಸುರಂಗಕ್ಕಾಗಿ ಹತ್ತು ಮಂದಿ ಪ್ರಾಣತೆತ್ತರು. ೧೯೯೪ನೆಯ ಮೇ ೬ರಂದು ಎರಡನೆಯ ಎಲಿಜಬೆತ್ ರಾಣಿಯೂ ಅಧ್ಯಕ್ಷ ಮಿತ್ತರಾನರೂ ಇದನ್ನು ತೆರೆದರು. ಆ ನವೆಂಬರಿನಲ್ಲಿ ರೈಲುಬಂಡಿಯು ಮೂರು ಗಂಟೆಗಳಲ್ಲಿ ಪ್ಯಾರಿಸ್ಸನ್ನು ಮುಟ್ಟಿತು. ೨೦೦೭ರಲ್ಲಿ ಇಂಗ್ಲೆಂಡಿನೊಳಗಿನ ಹೊಸ ಕಂಬಿಗಳು ಪೂರ್ಣವಾದ ಬಳಿಕ ಎರಡೂಕಾಲು ಗಂಟೆಗಳು ಸಾಕಾದುವು. ರೈಲುದಾರಿಯ ಉದ್ದ ೪೯೨ ಕಿಲೋಮೀಟರು, ನೇರ ದೂರದ ಸುಮಾರು ಒಂದೂವರೆ ಪಾಲಿನಷ್ಟು. ಆದರೂ ನಗರದ ನಡುವಿನಿಂದ ನಗರದ ನಡುವಿಗೆ ಹೋಗುವುದರಿಂದ ಈ ಪ್ರಯಾಣಿಕರಲ್ಲಿ ಬಹುಪಾಲು ಜನರು ವಿಮಾನವನ್ನು ಬಿಟ್ಟು ರೈಲನ್ನೇ ಹಿಡಿದರು. ಹೆಚ್ಚು ದೂರದ ದಾರಿಯೇ ಹತ್ತಿರದ ದಾರಿಯಾಯಿತು.

ಈ ದಾರಿಯಲ್ಲಿಯೂ ಕಾಯುವ ಕಟ್ಟೆಯೊಂದಿದೆ. ಒಪ್ಪಂದದಂತೆ ಫ್ರಾನ್ಸಿನ ಅಧಿಕಾರಿಗಳು ಲಂಡನ್ನಿನ ರೈಲುನಿಲ್ದಾಣದಲ್ಲಿಯೂ, ಇಂಗ್ಲೆಂಡಿನವರು ಪ್ಯಾರಿಸ್ಸಿನಲ್ಲಿಯೂ ಕುಳಿತು ರಹದಾರಿಗಳನ್ನು ನೋಡುತ್ತಾರೆ. ಬ್ರಿಟನ್ನು ೨೦೨೦ನೆಯ ಜನವರಿಯ ಕೊನೆಗೆ ಯೂರೋಪಿನ ಒಕ್ಕೂಟವನ್ನು ಬಿಟ್ಟು, ೨೦೨೧ರಿಂದ ಪರಸ್ಪರ ಮುಕ್ತಸಂಚಾರವು ನಿಂತಮೇಲೆ ಈ ತನಿಖೆಯು ಹೆಚ್ಚಾಯಿತು, ಸಾಲುಗಳೂ ಬೆಳೆದುವು. ಬಂಡಿಯ ವೇಗವು ಒಂದಿಷ್ಟೂ ಕುಗ್ಗಲಿಲ್ಲ. ಪ್ರಯಾಣ ಮಾತ್ರ ಮತ್ತೆ ಸ್ವಲ್ಪ ಉದ್ದವಾಯಿತು. ೧೮೦೩ರ ಸೆರೆಗೂ ೧೯೪೦ರ ಕತ್ತಲೆಗೂ ಇದನ್ನು ಹೋಲಿಸುವುದು ಸಲ್ಲದು. ಆದರೆ ಯಂತ್ರವು ಗಳಿಸಿಕೊಟ್ಟ ಕಾಲವನ್ನು ಮನುಷ್ಯರ ನಡುವಣ ವ್ಯವಸ್ಥೆಯು ಹಿಂತೆಗೆದುಕೊಳ್ಳಬಲ್ಲುದೆಂಬುದಕ್ಕೆ ಇದೂ ಒಂದು ಸಣ್ಣ ನಿದರ್ಶನ.

ಹೌನ್ಸ್ಲೋವಿನ ಆಧಾರರೇಖೆಯ ತುದಿಗಳನ್ನು ಗುರುತಿಸಲು ೧೭೯೧ರಲ್ಲಿ ಎರಡು ಫಿರಂಗಿಗಳನ್ನು ತಲೆಕೆಳಗಾಗಿ ನೆಲದಲ್ಲಿ ಹೂಳಿದರು. ಅವುಗಳಲ್ಲಿ ಒಂದರ ಸ್ಥಾನವು ಈಗ ಹೀತ್ರೂ ವಿಮಾನನಿಲ್ದಾಣದ ಉತ್ತರದ ಅಂಚಿನಲ್ಲಿದೆ. ಯುದ್ಧಕ್ಕಾಗಿ ಎರಕಹೊಯ್ದ ಫಿರಂಗಿಯು ಅಲ್ಲಿ ದೂರದ ಗುರುತಾಗಿ ನಿಂತಿರುವುದು. ಪ್ಯಾರಿಸ್ಸಿಗೆ ಹೋಗುವ ವಿಮಾನಗಳು ಅದರ ಸಮೀಪದಿಂದಲೇ ಏರುತ್ತವೆ. ರಾಯ್ ಮತ್ತು ಕಸೀನಿಗಳು ಸಾಧಿಸಿದ ದೂರವು ಈ ಎರಡು ಶತಮಾನಗಳಲ್ಲಿ ಬದಲಾಗಿಲ್ಲ, ಮುಂದೆಯೂ ಬದಲಾಗದು. ದಿಕ್ಕಿನಿಂದಾಗುವ ಪರತ್ವಾಪರತ್ವಗಳನ್ನು ಗಣಿತದಿಂದ ಅಳೆಯಬಹುದು. ಕಾಲದಿಂದಾಗುವವುಗಳನ್ನು ಅಳೆಯುವುದಕ್ಕೆ ನೆರೆಯವರು ಆಚೆಯ ದಡದಲ್ಲಿ ಹಚ್ಚಿದ ಬೆಳಕು ದೀಪವೋ ಎಚ್ಚರಿಕೆಯ ಬೆಂಕಿಯೋ ಎಂಬುದನ್ನೂ ನೋಡಬೇಕಾಗುತ್ತದೆ.